ಬಸ್ ಟೆಂಡರನ್ನು ಬಿಲ್ಲಿನ ಕಡೆಯಿಂದ ಓದಿ

ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಐದು ನಗರಗಳಿಗೆ ಸೇರಿ 10,900 ಎಲೆಕ್ಟ್ರಿಕ್ ಬಸ್ ಹಂಚಿದ್ದಾರೆ. ಅದರಲ್ಲಿ ಬೆಂಗಳೂರಿನ ಪಾಲು 4,500. ಈ ಬಸ್ಸುಗಳನ್ನು ಬಿಎಂಟಿಸಿ ದುಡ್ಡು ಕೊಟ್ಟು ಕೊಳ್ಳುವುದಿಲ್ಲ. ಟೆಂಡರ್ ಕರೆದು, ಕಿಲೋಮೀಟರಿಗೆ ಇಷ್ಟು ಅಂತ ಮಾತಾಡಿಕೊಂಡು ಖಾಸಗಿಯವರಿಂದ ಓಡಿಸುತ್ತದೆ. ಅಂದರೆ ಮುಂದಿನ ಹತ್ತು ಹನ್ನೆರಡು ವರ್ಷ ನಿಮ್ಮ ಬಸ್ ಸ್ಟಾಪಿಗೆ ಎಂಥ ಬಸ್ ಬರುತ್ತೆ, ಎಷ್ಟು ಹೊತ್ತಿಗೆ ಬರುತ್ತೆ, ನಿಲ್ಲುತ್ತೋ ಇಲ್ಲವೋ ಅನ್ನುವುದೆಲ್ಲ ಒಂದು ಕಾಗದದ ಕಟ್ಟಿನಲ್ಲಿ ಬರೆದಾಗಿರುತ್ತದೆ. ಆ ಕಟ್ಟನ್ನು ಸಾಮಾನ್ಯರು ಓದಬಹುದು. ಹೇಗೆ ಅಂತ ಹೇಳುತ್ತೇನೆ.

ನಾನು ಸಾರಿಗೆ ನಿಗಮವೊಂದರ ಲೆಕ್ಕಪತ್ರ ಶಾಖೆಯಲ್ಲಿದ್ದು ನಿವೃತ್ತಳಾದವಳು. ಬಾಡಿಗೆ ಬಸ್ಸಿನವರ ಬಿಲ್ಲು ನನ್ನ ಟೇಬಲ್ಲಿಗೆ ಬರುತ್ತಿತ್ತು. ಟೆಂಡರ್ ಕರೆಯುವ ಸಾಹೇಬರು ಬೇರೆ, ಕರಾರು ಬರೆಯುವ ವಕೀಲರು ಬೇರೆ. ಆದರೆ ಅವರು ಬರೆದ ಒಂದೊಂದು ಸಾಲೂ ಕೊನೆಗೆ ಬಿಲ್ಲಿನ ಒಂದು ಕಾಲಂ ಆಗಿ ನಮ್ಮ ಮುಂದೆ ಕೂರುತ್ತಿತ್ತು. ಹಾಗಾಗಿ ನನ್ನ ಕಿವಿಮಾತು ಇಷ್ಟೇ: ಮೊದಲ ತಿಂಗಳ ಬಿಲ್ಲನ್ನು ನೀವೇ ಪಾಸ್ ಮಾಡಬೇಕು ಅಂದುಕೊಂಡು ಟೆಂಡರ್ ಓದಿ. ಎಲ್ಲಿ ಪೆನ್ನು ನಿಲ್ಲುತ್ತದೋ ಅಲ್ಲೇ ವಿಷಯ ಇರುತ್ತದೆ.

ಕಾಗದ ಎಲ್ಲಿ ಸಿಗುತ್ತದೆ

ನಿಗಮವೇ ಕರೆದ ಟೆಂಡರ್ ಆದರೆ ರಾಜ್ಯ ಸರ್ಕಾರದ ಟೆಂಡರುಗಳನ್ನು ಹಾಕುವ ಕೆಪಿಪಿಪಿ ಪೋರ್ಟಲ್‌ನಲ್ಲಿ ಹುಡುಕಿ. ಎಲೆಕ್ಟ್ರಿಕ್ ಬಸ್ಸಿನದ್ದು ಈಗೀಗ ಅಲ್ಲಿ ಸಿಗದೇ ಇರಬಹುದು. ಕೇಂದ್ರ ಸರ್ಕಾರದ ಕಡೆಯ ಸಿಇಎಸ್‌ಎಲ್ ಅನ್ನುವ ಸಂಸ್ಥೆ ಹಲವು ನಗರಗಳ ಬೇಡಿಕೆ ಸೇರಿಸಿ ಒಂದೇ ಟೆಂಡರ್ ಕರೆಯುತ್ತದೆ. 2022ರಲ್ಲಿ ಬೆಂಗಳೂರು, ದೆಹಲಿ, ಕೋಲ್ಕತ್ತ, ಹೈದರಾಬಾದ್, ಸೂರತ್‌ಗೆ 5,450 ಬಸ್ಸಿಗೆ ಹೀಗೇ ಕರೆದಿದ್ದರು. ಅಂಥದ್ದಕ್ಕೆ ಅವರ ವೆಬ್‌ಸೈಟನ್ನೇ ನೋಡಬೇಕು.

ಸಿಕ್ಕ ಫೈಲು ನೂರಾರು ಪುಟ ಇರುತ್ತದೆ. ಹೆದರಬೇಡಿ. ಮೊದಲ ಪುಟದಿಂದ ಶುರು ಮಾಡಲೂ ಬೇಡಿ, ನಿದ್ದೆ ಬರುತ್ತದೆ. ಮೊದಲು ತೆರೆಯಬೇಕಾದ್ದು ಪ್ರಿ-ಬಿಡ್ ಪ್ರಶ್ನೋತ್ತರದ ಕಡತ. ಟೆಂಡರ್ ಹಾಕುವ ಮೊದಲು ಕಂಪನಿಯವರು ಸಾಲುಸಾಲು ಪ್ರಶ್ನೆ ಕೇಳಿರುತ್ತಾರೆ. 'ಈ ದಂಡ ಜಾಸ್ತಿಯಾಯಿತು, ಕಡಿಮೆ ಮಾಡಿ', 'ಹಣ ತಡವಾದರೆ ಬಡ್ಡಿ ಕೊಡ್ತೀರಾ', 'ಡಿಪೊಗೆ ಕರೆಂಟು ಯಾರು ಎಳೆಸಬೇಕು'. ಪಕ್ಕದ ಕಾಲಂನಲ್ಲಿ ನಿಗಮದ ಉತ್ತರ. ಕಂಪನಿಗೆ ಎಲ್ಲಿ ಚುಚ್ಚುತ್ತದೆ ಅನ್ನುವುದು ಹತ್ತೇ ನಿಮಿಷದಲ್ಲಿ ಗೊತ್ತಾಗುತ್ತದೆ. ಆಮೇಲೆ ತಿದ್ದುಪಡಿ ಆದೇಶಗಳನ್ನು ನೋಡಿ. ಮೂಲ ಟೆಂಡರಿನಲ್ಲಿ ಬಿಗಿಯಾಗಿದ್ದ ಷರತ್ತು ಮೂರನೇ ತಿದ್ದುಪಡಿಯ ಹೊತ್ತಿಗೆ ಸಡಿಲ ಆಗಿರುವುದುಂಟು. ಪತ್ರಿಕೆಯಲ್ಲಿ ಬರುವುದು ಮೂಲದ ಸುದ್ದಿ, ಬಿಲ್ಲಿಗೆ ಬರುವುದು ತಿದ್ದುಪಡಿ.

ಕೊನೆಗೆ ಕರಡು ಕರಾರು ಮತ್ತು ಅದರ ಅನುಬಂಧಗಳು. ಹಣ ಪಾವತಿ, ದಂಡ, ಡಿಪೊ ಈ ಮೂರರ ಅನುಬಂಧ ಸಾಕು. ವ್ಯಾಖ್ಯೆಗಳ ಅಧ್ಯಾಯಕ್ಕೆ ಬೇಕಾದಾಗ ಮಾತ್ರ ಹಿಂದಿರುಗಿ.

ಯಾರ ಕೈಯಲ್ಲಿ ಏನು

ಒಂದು ಹಾಳೆ ತೆಗೆದುಕೊಂಡು ಮಧ್ಯೆ ಗೆರೆ ಎಳೆಯಿರಿ. ಎಡಕ್ಕೆ ನಿಗಮ, ಬಲಕ್ಕೆ ಕಂಪನಿ. ಬಸ್ ಯಾರದ್ದು, ಚಾಲಕ ಯಾರ ಕಡೆ, ಕಂಡಕ್ಟರ್ ಯಾರ ಕಡೆ, ಡಿಪೊ ಜಾಗ ಯಾರದ್ದು, ಚಾರ್ಜರ್ ಯಾರು ಹಾಕಬೇಕು, ಕರೆಂಟ್ ಬಿಲ್ ಯಾರು ಕಟ್ಟಬೇಕು, ಟಿಕೆಟ್ ದುಡ್ಡು ಯಾರಿಗೆ. ಬೆಂಗಳೂರಿನ ಇ-ಬಸ್ಸುಗಳಲ್ಲಿ ಬಸ್ಸೂ ಚಾಲಕನೂ ಕಂಪನಿಯ ಕಡೆ. ಕಂಡಕ್ಟರ್, ರೂಟು, ಸಮಯ, ಟಿಕೆಟ್ ಹಣ ಬಿಎಂಟಿಸಿ ಕಡೆ. ಡಿಪೊ ಜಾಗವೂ ಬಿಎಂಟಿಸಿಯದ್ದೇ. ಇದನ್ನು ಗ್ರಾಸ್ ಕಾಸ್ಟ್ ಕಾಂಟ್ರ್ಯಾಕ್ಟ್ ಅನ್ನುತ್ತಾರೆ, ಚಿಕ್ಕದಾಗಿ ಜಿಸಿಸಿ. ಬಸ್ಸಿನಲ್ಲಿ ಒಬ್ಬರು ಕೂತರೂ ಎಂಬತ್ತು ಜನ ನೇತಾಡಿದರೂ ಕಂಪನಿಗೆ ಬರುವುದು ಕಿಲೋಮೀಟರ್ ದುಡ್ಡು.

ಇದರ ಪರಿಣಾಮ ಏನು ಅಂತ ತಿಳಿಯಬೇಕಾದರೆ ಮಂಗಳೂರಿನ ಸಿಟಿ ಬಸ್ ನೆನಪಿಸಿಕೊಳ್ಳಿ. ಅಲ್ಲಿ ಖಾಸಗಿ ಬಸ್ಸಿನವರ ಸಂಪಾದನೆ ಟಿಕೆಟ್ಟಿನಿಂದ. ಹಾಗಾಗಿ ಜನ ಕಂಡರೆ ನಿಲ್ಲಿಸುತ್ತಾರೆ, ಕೂಗಿ ಕರೆಯುತ್ತಾರೆ, ಮುಂದಿನ ಬಸ್ಸನ್ನು ಹಿಂದೆ ಹಾಕಲು ಹಾರಾಡುತ್ತಾರೆ, ಟೈಮಿಂಗ್ ಮೇಲೆ ಜಗಳವಾಡುತ್ತಾರೆ. ದೆಹಲಿಯ ಬ್ಲೂಲೈನ್ ಬಸ್ಸುಗಳು ಇದೇ ಓಟದಿಂದ ಎಷ್ಟು ಕೆಟ್ಟ ಹೆಸರು ತಗೊಂಡವು ಅಂದರೆ ಕೊನೆಗೆ ಅವುಗಳನ್ನು ರಸ್ತೆಯಿಂದಲೇ ತೆಗೆದರು. ಜಿಸಿಸಿಯಲ್ಲಿ ಈ ಓಟ ಇಲ್ಲ. ಬದಲಿಗೆ ಇನ್ನೊಂದು ಕಾಯಿಲೆ ಬರಬಹುದು: ಸ್ಟಾಪಿನಲ್ಲಿ ನಿಲ್ಲಿಸದೆ ಹೋದರೂ ಕಂಪನಿಗೆ ನಯಾಪೈಸೆ ನಷ್ಟ ಇಲ್ಲ. ಈ ಕಾಯಿಲೆಗೆ ಕರಾರಿನಲ್ಲಿ ಮದ್ದು ಇದೆಯಾ ಅಂತ ಮುಂದೆ ಹುಡುಕೋಣ.

ರೇಟನ್ನು ಒಂಟಿಯಾಗಿ ನೋಡಬೇಡಿ

ಎಲ್ಲರೂ ಮೊದಲು ಕೇಳುವುದು 'ಕಿಲೋಮೀಟರಿಗೆ ಎಷ್ಟಕ್ಕೆ ಆಯ್ತು?' ಅಂತ. ಬಿಎಂಟಿಸಿಯ ಮೂರು ಕರಾರು ಪಕ್ಕಪಕ್ಕ ಇಡೋಣ. ಸ್ಮಾರ್ಟ್ ಸಿಟಿ ಹಣದಲ್ಲಿ ಬಂದ 90 ಮಿಡಿ ಬಸ್, 9 ಮೀಟರಿನದ್ದು: ಕಿ.ಮೀ.ಗೆ 51.67 ರೂ., ದಿನಕ್ಕೆ 180 ಕಿ.ಮೀ. ಖಾತ್ರಿ (ಕನಿಷ್ಠ ಇಷ್ಟು ಓಡಿಸುತ್ತೇವೆ ಅಂತ ನಿಗಮ ಕೊಡುವ ಮಾತು, ವಿವರ ಮುಂದೆ ಇದೆ). ಕೇಂದ್ರದ ಸಹಾಯಧನ ಯೋಜನೆ ಫೇಮ್-2ರಲ್ಲಿ ಬಂದ 300 ಬಸ್, 12 ಮೀಟರಿನದ್ದು: 48.90 ರೂ., 225 ಕಿ.ಮೀ. ಆಮೇಲೆ 2022ರ ಐದು ನಗರದ ಟೆಂಡರಿನಲ್ಲಿ ಬಂದ 921 ಬಸ್, ಅದೂ 12 ಮೀಟರ್: 41.01 ರೂ., 200 ಕಿ.ಮೀ.

ಚಿಕ್ಕ ಬಸ್ಸಿಗೆ ದೊಡ್ಡ ಬಸ್ಸಿಗಿಂತ ಜಾಸ್ತಿ ರೇಟು! ಯಾರೋ ತಿಂದಿದ್ದಾರೆ ಅನ್ನುವ ಮೊದಲು ಗುಣಾಕಾರ ಮಾಡಿ. ಮಿಡಿ ಬಸ್ಸಿಗೆ ದಿನಕ್ಕೆ 51.67 × 180, ಸುಮಾರು 9,300 ರೂ. ಫೇಮ್ ಬಸ್ಸಿಗೆ 48.90 × 225, ಸುಮಾರು 11,000. ದಿನದ ಲೆಕ್ಕದಲ್ಲಿ ಚಿಕ್ಕದೇ ಅಗ್ಗ. ಬ್ಯಾಂಕಿನ ಕಂತು, ಚಾಲಕನ ಸಂಬಳ, ವಿಮೆ ಇವೆಲ್ಲ ಬಸ್ ಓಡಿದರೂ ನಿಂತರೂ ಬರುವ ಖರ್ಚು. ಅದನ್ನು ಕಡಿಮೆ ಕಿಲೋಮೀಟರಿಗೆ ಹಂಚಿದರೆ ಒಂದೊಂದು ಕಿ.ಮೀ. ದುಬಾರಿ ಕಾಣುತ್ತದೆ, ಅಷ್ಟೇ. ಮೂರನೆಯದು 41.01 × 200, ಸುಮಾರು 8,200. ಇದು ನಿಜಕ್ಕೂ ಅಗ್ಗ. ಅದೂ ಫೇಮ್ ಬಸ್ಸಿಗೆ ಕೇಂದ್ರದಿಂದ ಒಂದೊಂದಕ್ಕೆ 55 ಲಕ್ಷ, ರಾಜ್ಯದಿಂದ 33 ಲಕ್ಷದಷ್ಟು ಸಹಾಯಧನ ಸಿಕ್ಕಿತ್ತು. 921 ಬಸ್ಸಿಗೆ ಸಿಕ್ಕಿದ್ದು 39 ಲಕ್ಷ ಮಾತ್ರ. ಸಹಾಯಧನ ಕಡಿಮೆಯಾದರೂ ರೇಟು ಇಳಿಯಿತು. ಐದು ನಗರ ಸೇರಿ ಒಟ್ಟಿಗೆ ಕೇಳಿದ್ದರ ಬಲ ಅದರಲ್ಲಿ ಇದೆ ಅಂತ ನನ್ನ ಎಣಿಕೆ.

ಹಾಗಾಗಿ ಯಾವ ರೇಟು ಕಂಡರೂ ಪಕ್ಕದಲ್ಲಿ ಐದು ವಿಷಯ ಬರೆದುಕೊಳ್ಳಿ: ಬಸ್ಸಿನ ಉದ್ದ, ಎಸಿ ಇದೆಯೋ ಇಲ್ಲವೋ, ಸಹಾಯಧನ, ಕರೆಂಟು ರೇಟಿನ ಒಳಗೋ ಹೊರಗೋ, ಖಾತ್ರಿ ಕಿಲೋಮೀಟರ್. ಇದಿಲ್ಲದೆ ಎರಡು ಊರಿನ ರೇಟು ಹೋಲಿಸುವುದು ಸುಮ್ನೆ ಬಾಯಿಚಪಲ. ಹಾಗಂತ ಒಂದು ರೂಪಾಯಿ ಹಗುರ ಅಂತಲೂ ತಿಳಿಯಬೇಡಿ. 921 ಬಸ್, 200 ಕಿ.ಮೀ., 365 ದಿನ. ಒಂದು ರೂಪಾಯಿ ಏರಿದರೆ ವರ್ಷಕ್ಕೆ 6.7 ಕೋಟಿ.

ಆ ಏರಿಕೆಯ ಸೂತ್ರವೂ ಕರಾರಿನಲ್ಲೇ ಇರುತ್ತದೆ. ಬೆಲೆ ಸೂಚ್ಯಂಕ ಏರಿದಾಗ ರೇಟಿನ ಎಷ್ಟು ಭಾಗ ಏರುತ್ತದೆ, ಎಷ್ಟು ಭಾಗ ಹಾಗೇ ಇರುತ್ತದೆ ನೋಡಿ. ಬ್ಯಾಂಕಿನ ಕಂತು ಹಣದುಬ್ಬರಕ್ಕೆ ಏರುವುದಿಲ್ಲ. ಪೂರ್ತಿ ರೇಟನ್ನು ಸೂಚ್ಯಂಕಕ್ಕೆ ಕಟ್ಟಿದ್ದರೆ ಪ್ರಶ್ನೆ ಕೇಳಿ.

ಖಾತ್ರಿ ಕಿಲೋಮೀಟರ್: ಇಲ್ಲಿ ಕೂತು ಓದಿ

ತಿರುಪತಿಗೆ ಕಾರು ಬಾಡಿಗೆಗೆ ತಗೊಂಡವರಿಗೆಲ್ಲ ಇದು ಗೊತ್ತು. ದಿನಕ್ಕೆ ಕನಿಷ್ಠ 300 ಕಿ.ಮೀ. ಅಂತ ಹೇಳಿರುತ್ತಾರೆ. ನೀವು ಬೆಟ್ಟದ ಮೇಲೆ ಎರಡು ದಿನ ಕೂತರೂ ದಿನಕ್ಕೆ 300ರ ಲೆಕ್ಕದಲ್ಲಿ ಕೊಡಲೇಬೇಕು. ಬಸ್ ಕರಾರಿನ ಖಾತ್ರಿ ಕಿಲೋಮೀಟರ್ ಹೆಚ್ಚುಕಮ್ಮಿ ಅದೇ. ಖಾತ್ರಿ ಇಲ್ಲದಿದ್ದರೆ ಯಾವ ಬ್ಯಾಂಕೂ ಕಂಪನಿಗೆ ಸಾಲ ಕೊಡುವುದಿಲ್ಲ. ಆದ್ದರಿಂದ ಅದು ಇರಲಿ. ಆದರೆ ಎಷ್ಟು ಅನ್ನುವುದು ನಮ್ಮ ರಸ್ತೆಗೆ ಹೊಂದಬೇಕು.

ನೀವೇ ಪರೀಕ್ಷೆ ಮಾಡಿ. ಮೆಜೆಸ್ಟಿಕ್‌ನಿಂದ ಕಾಡುಗೋಡಿಗೆ 25 ಕಿ.ಮೀ. ಆಸುಪಾಸು ಅಂದುಕೊಳ್ಳಿ. 225 ಕಿ.ಮೀ. ಆಗಬೇಕಾದರೆ 9 ಸಿಂಗಲ್, ಅಂದರೆ ಒಂದು ಕಡೆಯ ಓಟ, ಹೊಡೆಯಬೇಕು. ಬೆಳಿಗ್ಗೆ, ಸಂಜೆ ಎರಡು ಗಂಟೆ ಹಿಡಿಯುತ್ತದೆ. ಮಧ್ಯಾಹ್ನ ಬೇಗ ಆಗುತ್ತದೆ. ಸರಾಸರಿ ಒಂದೂವರೆ ಗಂಟೆ ಅಂತ ಧಾರಾಳವಾಗಿ ಹಿಡಿದರೂ ಹದಿಮೂರೂವರೆ ಗಂಟೆ ಆಯಿತು. ಒಂದೊಂದು ತುದಿಯಲ್ಲಿ ಹತ್ತು ನಿಮಿಷ ನಿಲ್ಲಬೇಕು, ಅದು ಒಂದೂವರೆ ಗಂಟೆ. ಶಿಫ್ಟ್ ಬದಲಾಗಬೇಕು, ಚಾಲಕರು ಊಟ ಮಾಡಬೇಕು, ಮಧ್ಯೆ ಚಾರ್ಜ್ ಹಾಕಬೇಕು. ಬೆಳಗಿನ ಐದೂವರೆಗೆ ಬಿಟ್ಟ ಬಸ್ ರಾತ್ರಿ ಹನ್ನೊಂದಾದರೂ ಡಿಪೊ ಸೇರುವುದು ಕಷ್ಟ. ಹೊರವರ್ತುಲ ರಸ್ತೆಯ 500ಡಿ ರೂಟಿನಲ್ಲಿ ಸಿಲ್ಕ್ ಬೋರ್ಡಿನಿಂದ ಹೆಬ್ಬಾಳಕ್ಕೆ ದಿನಾ ಓಡಾಡುವವರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಸ್ 170 ಕಿ.ಮೀ. ಮಾತ್ರ ಓಡಿತು, ಖಾತ್ರಿ 200 ಇದೆ ಅಂತಿಟ್ಟುಕೊಳ್ಳಿ. ಉಳಿದ 30ಕ್ಕೆ ಏನು ಕೊಡಬೇಕು? ಟ್ರಾಫಿಕ್ಕಿನಿಂದಲೋ ನಿಗಮದ ಶೆಡ್ಯೂಲಿನಿಂದಲೋ ಕಡಿಮೆಯಾದರೆ ಕೆಲವು ಕರಾರು ಪೂರ್ತಿ ರೇಟು ಕೊಡುತ್ತವೆ, ಕೆಲವು ಅದರ ಒಂದು ಭಾಗ ಮಾತ್ರ. 41 ರೂಪಾಯಿ ರೇಟಿನಲ್ಲಿ ಪೂರ್ತಿ ಕೊಟ್ಟರೆ ದಿನಕ್ಕೆ 8,200. ನಿಜವಾಗಿ ಓಡಿದ 170ಕ್ಕೆ ಭಾಗಿಸಿ: ಕಿ.ಮೀ.ಗೆ 48 ರೂ. ದಾಟಿತು. ಅರ್ಧ ರೇಟು ಕೊಟ್ಟರೆ 44 ರೂ. 60 ಪೈಸೆಯ ಹತ್ತಿರ ನಿಲ್ಲುತ್ತದೆ. ಬಿಲ್ಲಿನಲ್ಲಿ ಕುಳಿತುಕೊಳ್ಳುವ ನಿಜವಾದ ರೇಟು ಇದು. ಟೆಂಡರ್ ದಿನ ಪತ್ರಿಕೆಯಲ್ಲಿ ಬಂದದ್ದು 41.

ಇನ್ನೊಂದು ಸೂಕ್ಷ್ಮ. ಖಾತ್ರಿಯನ್ನು ಒಂದೊಂದು ಬಸ್ಸಿಗೆ ದಿನದ ಲೆಕ್ಕದಲ್ಲಿ ನೋಡುತ್ತಾರೋ, ಎಲ್ಲ ಬಸ್ ಸೇರಿಸಿ ತಿಂಗಳ ಅಥವಾ ವರ್ಷದ ಲೆಕ್ಕದಲ್ಲಿ ನೋಡುತ್ತಾರೋ? ವರ್ಷದ ಒಟ್ಟು ಲೆಕ್ಕವೇ ನಿಗಮಕ್ಕೆ ಒಳ್ಳೆಯದು. ಭಾನುವಾರ, ಹಬ್ಬ, ಬಂದ್ ದಿನ ಕಡಿಮೆ ಓಡಿದ್ದನ್ನು ಬೇರೆ ದಿನ ದೂರದ ರೂಟಿನಲ್ಲಿ ಸರಿದೂಗಿಸಬಹುದು. ದಿನದ ಲೆಕ್ಕವಾದರೆ ಆ ದಾರಿ ಇಲ್ಲ. ಆಗ ಏನಾಗುತ್ತದೆ ಗೊತ್ತಾ? ಕಿಲೋಮೀಟರ್ ತುಂಬಿಸುವುದಕ್ಕಾಗಿಯೇ ಮಧ್ಯಾಹ್ನ ಖಾಲಿ ಬಸ್ ಓಡಿಸುವ ಶೆಡ್ಯೂಲ್ ತಯಾರಾಗುತ್ತದೆ. ಬಡಾವಣೆಯೊಳಗಿನ ಸಣ್ಣ ಫೀಡರ್ ರೂಟಿಗೆ ಬಸ್ ಇಲ್ಲ ಅಂತ ಜನ ಬೈಯುತ್ತಿರುತ್ತಾರೆ. ಆ ರೂಟಿನಲ್ಲಿ ಕಿಲೋಮೀಟರ್ ಏರುವುದಿಲ್ಲವಲ್ಲ! ಹಾಗಾಗಿ ನಿಮ್ಮ ಬಡಾವಣೆಗೆ ಫೀಡರ್ ಬೇಕಿದ್ದರೆ ಕೇಳಬೇಕಾದ ಸಮಯ ಟೆಂಡರಿಗೆ ಮೊದಲು. ಕಡಿಮೆ ಖಾತ್ರಿಯ ಚಿಕ್ಕ ಬಸ್ಸುಗಳ ಪಾಲು ಎಷ್ಟು ಅಂತ ಕೇಳಿ.

ಯಾವ ಕಿಲೋಮೀಟರ್ ಎಣಿಸುತ್ತಾರೆ

ಡಿಪೊದಿಂದ ಮೊದಲ ಸ್ಟಾಪಿಗೆ, ರಾತ್ರಿ ಕೊನೆಯ ಸ್ಟಾಪಿನಿಂದ ಡಿಪೊಗೆ ಖಾಲಿ ಓಡುವುದನ್ನು ಡೆಡ್ ಕಿಲೋಮೀಟರ್ ಅನ್ನುತ್ತೇವೆ. ಅದಕ್ಕೂ ರೇಟು ಇದೆಯೇ? ಡಿಪೊ ಬಿಡದಿಯಲ್ಲಿದ್ದು ರೂಟು ಮೆಜೆಸ್ಟಿಕ್‌ನಿಂದ ಶುರುವಾದರೆ ಹೋಗಿ ಬರಲು ಅರವತ್ತು ಕಿ.ಮೀ. ಮೇಲಾಯಿತು. ಡಿಪೊ ಪಟ್ಟಿಯ ಅನುಬಂಧ ತೆಗೆದು ನಕ್ಷೆಯಲ್ಲಿ ಗುರುತು ಹಾಕಿ.

ಎಣಿಕೆ ಯಾವುದರಿಂದ ಅನ್ನುವುದೂ ಮುಖ್ಯ. ಟ್ರಿಪ್ಪು, ಸಮಯ, ದೂರ ಬರೆದಿರುವ ಶೆಡ್ಯೂಲಿನ ಫಾರ್ಮ್-4 ಪ್ರಕಾರವೋ, ಜಿಪಿಎಸ್ ಪ್ರಕಾರವೋ, ಬಸ್ಸಿನ ಮೀಟರ್ ಪ್ರಕಾರವೋ? ಮೂರೂ ಯಾವತ್ತೂ ಒಂದೇ ಹೇಳುವುದಿಲ್ಲ. ನಮ್ಮ ಶಾಖೆಯಲ್ಲಿ ಅರ್ಧ ಜಗಳ ಇದೇ ಆಗಿತ್ತು. ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಬಂತು ಅನ್ನಿ. ಬುಲ್ ಟೆಂಪಲ್ ರಸ್ತೆ ಮುಚ್ಚುತ್ತಾರೆ, ಬಸ್ ಸುತ್ತಿಕೊಂಡು ಹೋಗುತ್ತದೆ. ಒಂದೊಂದು ಟ್ರಿಪ್ಪಿಗೆ ಎರಡು ಮೂರು ಕಿ.ಮೀ. ಜಾಸ್ತಿ. ಇದನ್ನು ಸಹಿ ಹಾಕಿ ದೃಢಪಡಿಸುವವರು ಯಾರು, ಎಷ್ಟು ದಿನದೊಳಗೆ ಅಂತ ಕರಾರಿನಲ್ಲಿ ಇಲ್ಲದಿದ್ದರೆ ಆ ಬಿಲ್ಲು ಮುಂದಿನ ಪರಿಷೆಯವರೆಗೂ ಫೈಲಿನಲ್ಲೇ ಇರುತ್ತದೆ.

ದಂಡದ ಪಟ್ಟಿ

ಈಗ, ಸ್ಟಾಪಿನಲ್ಲಿ ನಿಲ್ಲಿಸದೆ ಹೋಗುವ ಕಾಯಿಲೆಗೆ ಹುಡುಕೋಣ ಅಂದಿದ್ದ ಆ ಮದ್ದು. ಸ್ಟಾಪಿನಲ್ಲಿ ನಿಲ್ಲಿಸದಿದ್ದರೆ, ಬಾಗಿಲು ತೆರೆದು ಓಡಿಸಿದರೆ, ಬಸ್ ಗಲೀಜಾಗಿದ್ದರೆ, ಟ್ರಿಪ್ ಕೈಬಿಟ್ಟರೆ ಎಷ್ಟು ದಂಡ ಅಂತ ಪಟ್ಟಿ ಇರುತ್ತದೆ. ಕೆಲವು ಕರಾರುಗಳಲ್ಲಿ ರೂಪಾಯಿ ಬದಲು ಕಿಲೋಮೀಟರಿನಲ್ಲಿ ಬರೆದಿರುತ್ತಾರೆ. ಇಂಥ ತಪ್ಪಿಗೆ ಇಷ್ಟು ಕಿ.ಮೀ. ಹಣ ಕಡಿತ ಅಂತ. ರೇಟು ಏರಿದಂತೆ ದಂಡವೂ ಏರುತ್ತದೆ, ಒಳ್ಳೆಯ ಪದ್ಧತಿ. ಪಟ್ಟಿಯ ಉದ್ದ ನೋಡಿ ಖುಷಿಪಡಬೇಡಿ. ಎರಡು ಸಾಲು ಹುಡುಕಿ. ಒಂದು, ತಿಂಗಳಿಗೆ ದಂಡದ ಗರಿಷ್ಠ ಮಿತಿ ಎಷ್ಟು. ಮಿತಿ ಮುಟ್ಟಿದ ಮೇಲೆ ಆ ತಿಂಗಳು ಯಾವ ತಪ್ಪಿಗೂ ಬೆಲೆ ಇಲ್ಲ. ಎರಡು, ತಪ್ಪನ್ನು ಹಿಡಿಯುವವರು ಯಾರು. ಜಿಪಿಎಸ್ ತಾನಾಗಿ ಹಿಡಿಯುತ್ತದೋ, ತಪಾಸಣೆಯವರು ಬರೆಯಬೇಕೋ, ಪ್ರಯಾಣಿಕರ ದೂರು ಲೆಕ್ಕಕ್ಕೆ ಬರುತ್ತದೋ?

ಲಂಡನ್ನಿನಲ್ಲಿ 1985ರಿಂದಲೇ ರೂಟು ರೂಟಿಗೆ ಟೆಂಡರ್ ಕರೆಯುತ್ತಿದ್ದಾರೆ. 2001ರಲ್ಲಿ ಕರಾರಿನ ರೀತಿ ಬದಲಿಸಿದರು. ಪದೇ ಪದೇ ಬಸ್ ಇರುವ ರೂಟಿನಲ್ಲಿ ಜನ ಸ್ಟಾಪಿನಲ್ಲಿ ಕಾಯಬೇಕಾದ್ದಕ್ಕಿಂತ ಎಷ್ಟು ಜಾಸ್ತಿ ಕಾದರು ಅಂತ ಅಳೆಯುತ್ತಾರೆ. ಕಾಯುವುದು ಕಡಿಮೆಯಾದರೆ ಕಂಪನಿಗೆ ಬೋನಸ್, ಜಾಸ್ತಿಯಾದರೆ ಕಡಿತ. ಚೆನ್ನಾಗಿ ನಡೆಸಿದವರಿಗೆ ಐದು ವರ್ಷದ ಮೇಲೆ ಇನ್ನೆರಡು ವರ್ಷ ಸಿಗುತ್ತಿತ್ತು. ನಮ್ಮ ಟೆಂಡರುಗಳಲ್ಲಿ ನಾನು ಮೊದಲು ಹುಡುಕುವುದು ಇಂಥ ಒಂದು ಸಾಲು. ಮೂರು 500ಡಿ ಒಟ್ಟಿಗೆ ಬಂದು ಆಮೇಲೆ ಅರ್ಧ ಗಂಟೆ ಬಸ್ಸೇ ಇಲ್ಲದಿದ್ದರೆ ನಮ್ಮ ಲೆಕ್ಕದಲ್ಲಿ ಎಲ್ಲ ಟ್ರಿಪ್ಪೂ ಓಡಿದ ಹಾಗೇ. ಬಿಲ್ಲು ಪೂರ್ತಿ ಪಾಸು.

ಎಷ್ಟು ಜನ ಟೆಂಡರ್ ಹಾಕಿದರು

ಸ್ಪರ್ಧೆ ಅನ್ನುವುದು ಇಲ್ಲಿ ಗೊತ್ತಾಗುತ್ತದೆ. ಒಬ್ಬರೇ ಬಂದಿದ್ದರೆ ಅರ್ಹತೆಯ ಷರತ್ತು ನೋಡಿ. ಎಷ್ಟು ಕೋಟಿ ವಹಿವಾಟು ಕೇಳಿದ್ದಾರೆ, ಎಷ್ಟು ಬಸ್ ಓಡಿಸಿದ ಅನುಭವ ಕೇಳಿದ್ದಾರೆ. ಒಂದೇ ಗಂಟಿನಲ್ಲಿ ಸಾವಿರ ಬಸ್ ಕೊಟ್ಟರೆ ಬಸ್ ತಯಾರಿಸುವ ದೊಡ್ಡವರೇ ಬರಬೇಕು. ಊರಿನಲ್ಲಿ ಐವತ್ತು ಬಸ್ ಚೆನ್ನಾಗಿ ಓಡಿಸುವವನಿಗೆ ಬಾಗಿಲು ಮುಚ್ಚಿದ ಹಾಗೆ. ಡಿಪೊ ಸರ್ಕಾರದ್ದಾದರೆ ಹೊಸಬರಿಗೆ ಅನುಕೂಲ. ಸಿಂಗಪುರದಲ್ಲಿ ಬಸ್ಸು, ಡಿಪೊ ಎರಡೂ ಸರ್ಕಾರವೇ ಕೊಟ್ಟು 2014ರಲ್ಲಿ ರೂಟುಗಳ ಮೊದಲ ಗಂಟನ್ನು ಟೆಂಡರಿಗೆ ಹಾಕಿದಾಗ ಗೆದ್ದದ್ದು ಹೊರಗಿನ ಟವರ್ ಟ್ರಾನ್ಸಿಟ್. ಬೆಂಗಳೂರಿನಲ್ಲಿ ಡಿಪೊ ಬಿಎಂಟಿಸಿಯದ್ದೇ ಆಗಿರುವುದು ನಮ್ಮ ಪುಣ್ಯ. ಆ ಜಾಗ ಕೈ ತಪ್ಪದಂತೆ ನೋಡಿಕೊಳ್ಳಬೇಕು.

ಕಂಪನಿಗಳು ಹಿಂದೆ ಸರಿಯಲು ಇನ್ನೊಂದು ಕಾರಣ ಸಾರಿಗೆ ನಿಗಮಗಳ ಜೇಬು. ತಿಂಗಳ ಬಿಲ್ಲು ಸರಿಯಾಗಿ ಬರುತ್ತೋ ಇಲ್ಲವೋ ಅನ್ನುವ ಭಯವನ್ನೂ ಅವರು ರೇಟಿನಲ್ಲಿ ಸೇರಿಸುತ್ತಾರೆ. ಅದಕ್ಕೇ 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ 3,435 ಕೋಟಿ ರೂಪಾಯಿಯ ಪಾವತಿ ಭದ್ರತೆ ಯೋಜನೆಗೆ ಒಪ್ಪಿಗೆ ಕೊಟ್ಟಿತು. ನಿಗಮ ಹಣ ಕೊಡದಿದ್ದರೆ ಆ ನಿಧಿಯಿಂದ ಕೊಟ್ಟು ಆಮೇಲೆ ರಾಜ್ಯದಿಂದ ವಸೂಲು ಮಾಡುತ್ತಾರೆ. ಕಂಪನಿಗೆ ನೆಮ್ಮದಿ. ನಮಗೆ ಅರ್ಥ ಏನೆಂದರೆ, ನಿಗಮದ ಖಜಾನೆ ಖಾಲಿಯಾದರೂ ಈ ಬಿಲ್ಲು ಮಾತ್ರ ಕಾಯುವುದಿಲ್ಲ. ಕಾಯುವುದು ನಿಗಮದ ನೌಕರರ ಪಿಎಫ್, ಗ್ರಾಚುಟಿ.

ಚಾಲಕರ ಸಂಬಳದ ಷರತ್ತು ಸಾಮಾನ್ಯವಾಗಿ ಅರ್ಧ ಪುಟ ಕೂಡ ಇರುವುದಿಲ್ಲ. ಕಡಿಮೆ ರೇಟು ಹಾಕಿ ಗೆದ್ದವರು ಹಿಂಡುವುದು ಅಲ್ಲೇ. ಬೆಂಗಳೂರಿನಲ್ಲಿ ಇ-ಬಸ್ ಚಾಲಕರು ಸಂಬಳದ ವಿಷಯಕ್ಕೆ ಕೆಲಸ ನಿಲ್ಲಿಸಿದ ಬೆಳಗುಗಳನ್ನು ನೀವು ಸ್ಟಾಪಿನಲ್ಲಿ ನಿಂತು ನೋಡಿರಬಹುದು. ಪಿಎಫ್, ಇಎಸ್‌ಐ ಕಟ್ಟಿದ ರಸೀದಿ ಇಲ್ಲದೆ ಬಿಲ್ಲು ಪಾಸಾಗದು ಅನ್ನುವ ಒಂದು ಸಾಲು ಇದೆಯಾ ನೋಡಿ. ಇದ್ದರೆ ನನ್ನಂಥ ಗುಮಾಸ್ತೆಯ ಕೈಗೆ ಒಂದು ಅಸ್ತ್ರ ಸಿಕ್ಕ ಹಾಗೆ.

ಕರಾರು ಸಹಿಯಾದ ಮೇಲೆ

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ ಅನ್ನುವ ನಿಯಮ ಇದೆ. ಪುರಾಣ ಬರೆದರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸುತ್ತಾರೆ. ಇಷ್ಟು ಸಾಕು:

'ಇಂಥ ಡಿಪೊದ ಜಿಸಿಸಿ ಎಲೆಕ್ಟ್ರಿಕ್ ಬಸ್ಸುಗಳಿಗೆ ಇಂಥ ತಿಂಗಳು ಪಾವತಿಸಿದ ಬಿಲ್ಲಿನ ಪ್ರತಿ ಮತ್ತು ಅದರ ಜತೆಗಿನ ಕಿ.ಮೀ. ತಃಖ್ತೆ (ಓಡಿದ ಕಿ.ಮೀ., ಡೆಡ್ ಕಿ.ಮೀ., ಓಡದೆ ಪಾವತಿಸಿದ ಕಿ.ಮೀ.) ಹಾಗೂ ದಂಡ ಕಡಿತದ ವಿವರಗಳ ದೃಢೀಕೃತ ಪ್ರತಿ ಕೊಡಿ.'

'ಯಾಕೆ', 'ಸರಿಯೇ' ಅಂತೆಲ್ಲ ಕೇಳಬೇಡಿ. ಕಾಗದ ಮಾತ್ರ ಕೇಳಿ. 30 ದಿನದೊಳಗೆ ಉತ್ತರ ಬರಬೇಕು. ವಾಣಿಜ್ಯ ಗೌಪ್ಯತೆ ಅಂತ ನಿರಾಕರಿಸಿದರೆ ಮುಂದಿನ 30 ದಿನದಲ್ಲಿ ಮೊದಲ ಮೇಲ್ಮನವಿ ಹಾಕಿ. ಸಾರ್ವಜನಿಕ ಹಣದಿಂದ ಪಾವತಿಯಾಗಿ ಹೋದ ಬಿಲ್ಲಿನಲ್ಲಿ ಗುಟ್ಟೇನು ಉಳಿದಿದೆ ಅಂತ ಬರೆಯಿರಿ. ಪ್ರತಿಗೆ ಪುಟಕ್ಕೆ 2 ರೂಪಾಯಿ ಕೇಳುತ್ತಾರೆ, ಕಟ್ಟಿ.

ಇಡೀ ವರ್ಷದ್ದು ಕೇಳಬೇಡಿ, ಪುಟ ಜಾಸ್ತಿಯಾಗಿ ಅವರಿಗೂ ನೆಪ, ನಿಮಗೂ ಖರ್ಚು. ಒಂದೇ ತಿಂಗಳು ಆರಿಸಿ. ಮಳೆಯೂ ಗಣೇಶನ ಮೆರವಣಿಗೆಯೂ ಸೇರಿದ ತಿಂಗಳಾದರೆ ಒಳ್ಳೆಯದು. ಓಡದೆ ಪಾವತಿಸಿದ ಕಿ.ಮೀ. ಕಾಲಂ ಆ ತಿಂಗಳೇ ದಪ್ಪಗಿರುತ್ತದೆ.